ಸೆರೆಮನೆಯಲ್ಲಿ ತೀರದ ಸಾಲ

(ಓದತಕ್ಕ ಭಾಗಗಳು: ಆದಿಕಾಂಡ 21:14-19, 1 ತಿಮೊಥೆಯ 5:8)



ಸಾಲವೆಂಬ ಮಾತು ಕಿವಿಗೆ ಬಿದ್ದೊಡನೆ ಹಳ್ಳಿಯವರಾದ ನಮಗೆ ಸಾಹುಕಾರನ ಬಾಗಿಲೂ ಸೊಸೈಟಿಯ ನೋಟೀಸೂ ನೆನಪಿಗೆ ಬರುತ್ತವೆ. ಆದರೆ ಪತ್ರವಿಲ್ಲದೆ, ಜಾಮೀನಿಲ್ಲದೆ, ಹೆಬ್ಬೆಟ್ಟು ಒತ್ತದೆ ಮನುಷ್ಯನ ಮೇಲೆ ಬರುವ ಸಾಲವೊಂದುಂಟು. ಮಗು ಹುಟ್ಟಿದ ದಿನವೇ ತಂದೆಯು ಅದಕ್ಕೆ ಸಾಲಗಾರನಾಗುತ್ತಾನೆ. ಈ ಸಾಲದ ವಿಷಯವಾಗಿ ಯೋಚಿಸುವದು ಅಗತ್ಯ. ಯಾಕಂದರೆ ಹೆಂಡತಿಮಕ್ಕಳನ್ನು ತವರಿಗೆ ಅಟ್ಟಿ, ಅವರ ಅನ್ನದ ಚಿಂತೆಯನ್ನು ಬಿಟ್ಟು, ಭಾನುವಾರ ಮುಂದಿನ ಬೆಂಚಿನಲ್ಲಿ ಕೂಡ್ರುವವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ.

ಅಬ್ರಹಾಮನು ಹಾಗರಳನ್ನೂ ಅವಳ ಮಗನನ್ನೂ ಕಳುಹಿಸಿಬಿಟ್ಟಾಗ ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಕೊಟ್ಟನು. ಬೇರ್ಷೆಬದ ಅಡವಿಯಲ್ಲಿ ಆ ನೀರು ಮುಗಿದುಹೋಯಿತು. ತಾಯಿಯು ಸಾಯುವ ಮಗನನ್ನು ನೋಡಲಾರದೆ ದೂರ ಕೂತು ಅತ್ತಳು. ದೇವರು ಆ ಹುಡುಗನ ಕೂಗನ್ನು ಕೇಳಿದನು. ಹಬ್ಬಕ್ಕೆ ಒಂದು ಜೊತೆ ಬಟ್ಟೆ ಕೊಟ್ಟೆನಲ್ಲಾ ಎನ್ನುವ ತಂದೆಯು ಆ ತಿತ್ತಿಯನ್ನು ನೆನಸಲಿ. ಮಗುವಿನ ಹಸಿವೆ ಪ್ರತಿದಿನದ್ದು; ಒಂದು ದಿನದ ಬುತ್ತಿಯಿಂದ ಅದು ತೀರುವದಿಲ್ಲ. ಪೌಲನಾದರೋ ತಿಮೊಥೆಯನಿಗೆ ಬರೆಯುತ್ತಾ, ತನ್ನ ಮನೆಯವರನ್ನು ಸಂರಕ್ಷಿಸದವನು ನಂಬಿಕೆಯನ್ನೇ ತ್ಯಜಿಸಿದವನೆಂದೂ ನಂಬದವನಿಗಿಂತ ಕಡೆಯಾದವನೆಂದೂ ಎಣಿಸುತ್ತಾನೆ.

ನಮ್ಮ ದೇಶದ ಕಾನೂನು ಸಹ ಈ ಸಾಲವನ್ನು ಹಗುರವಾಗಿ ಎಣಿಸುವದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಇದ್ದ ಜೀವನಾಂಶದ ನಿಯಮವು 2024ನೇ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿ ನಡೆಯುತ್ತದೆ. ಇದಕ್ಕೆ ಜಾತಿಮತಗಳ ಭೇದವಿಲ್ಲ. ಮಗುವು ವಿವಾಹದೊಳಗೆ ಹುಟ್ಟಿದ್ದಾಗಲಿ ಹೊರಗೆ ಹುಟ್ಟಿದ್ದಾಗಲಿ, ಶಕ್ತಿಯುಳ್ಳ ತಂದೆಯು ಅದನ್ನು ಸಾಕತಕ್ಕದ್ದು. ಹಿಂದೆ ತಿಂಗಳಿಗೆ 500 ರೂಪಾಯಿಗೆ ಮೀರಿ ಕೊಡಿಸಕೂಡದೆಂಬ ಮಿತಿ ಇತ್ತು. 2001ರಲ್ಲಿ ಅದನ್ನು ತೆಗೆದುಹಾಕಿದರು. ಅರ್ಜಿ ಕೊಟ್ಟ ದಿನದಿಂದಲೇ ಜೀವನಾಂಶವನ್ನು ಲೆಕ್ಕ ಹಿಡಿಯಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು.

ತಕ್ಕ ಕಾರಣವಿಲ್ಲದೆ ಕೊಡದೆ ಹೋದವನಿಂದ ದಂಡವನ್ನು ವಸೂಲು ಮಾಡುವಂತೆಯೇ ಈ ಹಣವನ್ನು ವಸೂಲು ಮಾಡಲು ವಾರಂಟು ಹೊರಡುತ್ತದೆ. ಅವನ ಚರಸೊತ್ತನ್ನು ಜಪ್ತಿ ಮಾಡಿ ಮಾರಬಹುದು. ಇಲ್ಲವೆ ಭೂಕಂದಾಯದ ಬಾಕಿಯಂತೆ ಎತ್ತಬೇಕೆಂದು ಜಿಲ್ಲಾಧಿಕಾರಿಗೆ ಬರೆಯಬಹುದು. ಸರಕಾರವು ತನ್ನ ಕಂದಾಯವನ್ನು ಯಾವ ಕೈಯಿಂದ ಎತ್ತುತ್ತದೋ ಅದೇ ಕೈಯನ್ನು ಹಸಿದ ಮಗುವಿಗಾಗಿ ಚಾಚುತ್ತದೆ. ಆ ಮೇಲೆಯೂ ಬಾಕಿ ಉಳಿದರೆ ಒಂದು ತಿಂಗಳ ತನಕ ಸೆರೆಯಾಗಬಹುದು.

ಸೆರೆಗೆ ಹೋಗಿ ಬಂದರೆ ಸಾಲ ಹರಿಯಿತೆಂದು ಕೆಲವರು ತಿಳಿಯುತ್ತಾರೆ. ಇದು ತಪ್ಪು. ಸೆರೆಯು ಹಣ ಕೊಡಿಸುವ ಉಪಾಯವೇ ಹೊರತು ಹಣ ಕೊಟ್ಟದ್ದಕ್ಕೆ ಸಮವಲ್ಲವೆಂದು ಸುಪ್ರೀಂ ಕೋರ್ಟು 1980ರ ದಶಕದ ಕೊನೆಯಲ್ಲಿ ಸ್ಥಿರಪಡಿಸಿತು. ಕರ್ತನು ಪರ್ವತಪ್ರಸಂಗದಲ್ಲಿ ಸೆರೆಗೆ ಬಿದ್ದ ಸಾಲಗಾರನ ಮಾತೆತ್ತಿದಾಗಲೂ, ಕಡೆಯ ಕಾಸಿನ ವರೆಗೆ ಲೆಕ್ಕವು ನಿಲ್ಲುವದೆಂದು ಎಚ್ಚರಿಸಲಿಲ್ಲವೋ?

ಈಗ ನಮ್ಮ ಪಾಪವೊಂದನ್ನು ಅರಿಕೆಮಾಡಬೇಕು. ನಮ್ಮ ಸಭೆಯ ತಂಗಿಯೊಬ್ಬಳಿಗೂ ಅವಳ ಇಬ್ಬರು ಮಕ್ಕಳಿಗೂ ತಿಂಗಳಿಗೆ 4,000 ರೂಪಾಯಿ ಕೊಡಬೇಕೆಂದು ಆಜ್ಞೆಯಾಗಿತ್ತು. ಗಂಡನು ಮೂರು ತಿಂಗಳು ಕೊಟ್ಟು ನಿಲ್ಲಿಸಿಬಿಟ್ಟನು. ಅವಳು ತಿರಿಗಿ ಕಚೇರಿಗೆ ಹೊರಟಾಗ ನಾವೂ ಹಿರಿಯರೂ ತಡೆದೆವು. ಸಹೋದರನು ಸಹೋದರನ ಮೇಲೆ ವ್ಯಾಜ್ಯಕ್ಕೆ ಹೋಗಬಾರದೆಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ತೋರಿಸಿ, "ತಾಳಿಕೋ ತಂಗೀ, ನಾವು ಅವನ ಸಂಗಡ ಮಾತಾಡುತ್ತೇವೆ" ಎಂದೆವು. ಹದಿನೆಂಟು ತಿಂಗಳು ಕಳೆದವು. ಹಿರೀ ಮಗಳು ಎಂಟನೇ ತರಗತಿ ಬಿಟ್ಟು ಕೂಲಿಗೆ ಹೋದಳು. ಕಡೆಗೆ ಅರ್ಜಿ ಕೊಟ್ಟಾಗ ವಕೀಲರು, "ಬಾಕಿ ಬಿದ್ದ ಒಂದು ವರುಷದೊಳಗೆ ಕೇಳಿದರೆ ಮಾತ್ರ ವಾರಂಟು ಹೊರಡುತ್ತದೆ, ಮೊದಲಿನ ಆರು ತಿಂಗಳ ಹಣ ಈ ದಾರಿಯಲ್ಲಿ ಬಾರದು" ಎಂದರು. ಆ 24,000 ರೂಪಾಯಿ ಗಂಡನ ತಲೆಯ ಮೇಲೆ ಇರುವಂತೆಯೇ ನಮ್ಮ ತಲೆಯ ಮೇಲೆಯೂ ಅದೆ. ಪೌಲನು ಆಸೆಬುರುಕರ ಜಗಳವನ್ನು ಖಂಡಿಸಿದನೇ ಹೊರತು ಮಗುವಿನ ಅನ್ನವನ್ನು ಕೇಳುವ ತಾಯಿಯನ್ನಲ್ಲ. ನಾವು ದೇವರ ವಾಕ್ಯವನ್ನು ಹಿಡಿದು ಮಗುವಿನ ಬಟ್ಟಲನ್ನು ಮುಚ್ಚಿದೆವು.

ಆದಕಾರಣ, ತಂದೆಗಳೇ, ನಿಮ್ಮ ಹೆಂಡತಿಯ ಮೇಲಣ ಸಿಟ್ಟಿಗೆ ಮಕ್ಕಳ ಬಾಯಿಂದ ಬೆಲೆ ತೆಗೆಯಬೇಡಿರಿ. ಕೊರ್ಬಾನ್ ಎಂದು ಹೇಳಿ ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ತಪ್ಪಿಸಿದವರನ್ನು ಕರ್ತನು ಗದರಿಸಿದನು. ಮಕ್ಕಳ ಪಾಲನ್ನು ತಡೆದು ಕಾಣಿಕೆ ತಟ್ಟೆಗೆ ಹಾಕಿದ ಹಣವನ್ನು ಮೆಚ್ಚುವನೋ? ನಿಜವಾಗಿ ಕೆಲಸ ತಪ್ಪಿದವನು ಊರು ಬಿಟ್ಟು ಓಡದಿರಲಿ. ಸ್ಥಿತಿ ಬದಲಾದದ್ದನ್ನು ರುಜುಪಡಿಸಿ ಮೊತ್ತವನ್ನು ತಗ್ಗಿಸಬೇಕೆಂದು ನ್ಯಾಯಾಧೀಶರನ್ನು ಕೇಳುವದಕ್ಕೆ ಕಾನೂನಿನಲ್ಲಿ ದಾರಿ ಅದೆ.

ತಾಯಂದಿರೇ, ನಾಚಬೇಡಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಮಕ್ಕಳಿಗೂ ವಕೀಲರ ಸಹಾಯವು ಧರ್ಮಾರ್ಥವಾಗಿ ಸಿಕ್ಕುತ್ತದೆ, ವರಮಾನವೆಷ್ಟೆಂದು ನೋಡುವದಿಲ್ಲ. ತಾಲೂಕಿನ ಕೋರ್ಟಿನಲ್ಲಿ ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿರಿ. ಬಾಕಿಯ ತಿಂಗಳುಗಳನ್ನು ಬರೆದಿಡಿರಿ, ವರುಷ ದಾಟಗೊಡಬೇಡಿರಿ.

ಹಿರಿಯರೇ, ಸಮಾಧಾನ ಮಾಡಿಸುವವರು ಧನ್ಯರು ನಿಶ್ಚಯ. ಆದರೆ ಸಮಾಧಾನದ ಹೆಸರಿನಲ್ಲಿ ದಿನ ತಳ್ಳುವದು ಸಾಲಗಾರನಿಗೆ ಮಾಡುವ ಸಹಾಯವೇ. ಇನ್ನು ಮೇಲೆ ಅಂಥ ತಾಯಿಯು ಬಂದರೆ ತಾಳಿಕೋ ಎನ್ನದೆ, ಅವಳ ಸಂಗಡ ಕಚೇರಿಯ ಮೆಟ್ಟಲು ಹತ್ತೋಣ.

ಅಡವಿಯಲ್ಲಿ ಹುಡುಗನ ಕೂಗನ್ನು ಕೇಳಿದ ದೇವರು ಹಾಗರಳ ಕಣ್ಣು ತೆರೆದು ಬಾವಿಯನ್ನು ತೋರಿಸಿದನು. ನಮ್ಮ ಕಣ್ಣುಗಳನ್ನೂ ಆತನು ತೆರೆಯಲಿ. ಆಮೆನ್.