ಕಲ್ಲಿನ ಗುಣ

ಕಠಿನಹೃದಯನನ್ನು ಕಲ್ಲೆದೆಯವನೆಂದು ಜರೆಯುವುದು ಲೋಕರೂಢಿ. ಆದರೆ ಕಾಠಿನ್ಯವು ಕಲ್ಲಿನ ಅಪರಾಧವೇ?

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಬಂದ ಶಾಲಾಬಾಲಕರು ಅಲ್ಲಿ ಆತಕೂರಿನ ಶಾಸನವನ್ನು ಕಾಣುವರು. ಹಂದಿಯೊಡನೆ ಕಾದಿ ಮಡಿದ ಕಾಳಿಯೆಂಬ ಬೇಟೆನಾಯಿಗಾಗಿ ಅದರ ಒಡೆಯನಾದ ಮಣಲೇರನು ಸುಮಾರು ಕ್ರಿ.ಶ. 949ರಲ್ಲಿ ನಿಲ್ಲಿಸಿದ ಕಲ್ಲದು. ಮರವಾಗಿದ್ದರೆ ಗೆದ್ದಲು ಹಿಡಿಯುತ್ತಿತ್ತು. ಓಲೆಯಾಗಿದ್ದರೆ ಹುಳು ತಿನ್ನುತ್ತಿತ್ತು. ಕಬ್ಬಿಣವಾಗಿದ್ದರೆ ತುಕ್ಕು ಕವಿಯುತ್ತಿತ್ತು. ಉಳಿಗೆ ಸುಲಭವಾಗಿ ಮಣಿಯದ ಕಲ್ಲೇ ಮಳೆಬಿಸಿಲಿಗೂ ಮಣಿಯದೆ ಆ ಕೃತಜ್ಞತೆಯನ್ನು ಸಾವಿರ ವರ್ಷಕ್ಕೂ ಮೇಲೆ ಕಾಪಾಡಿದೆ.

ಪದಾರ್ಥದ ಧರ್ಮಕ್ಕೂ ಮನುಷ್ಯನ ಶೀಲಕ್ಕೂ ಕನ್ನಡದಲ್ಲಿ ಗುಣವೆಂಬುದೊಂದೇ ಹೆಸರು. ಆದರೂ ಭೇದವುಂಟು. ಕಲ್ಲಿಗೆ ತನ್ನ ಗುಣವನ್ನು ಆರಿಸುವ ಶಕ್ತಿಯಿಲ್ಲ. ಅದನ್ನು ಹಿಡಿದ ಕೈಗೆ ಆಯ್ಕೆಯುಂಟು. ನಾಯಿಯ ಮೇಲೆ ಎಸೆಯುವುದೂ ಕಲ್ಲನ್ನೇ, ನಾಯಿಯ ನೆನಪಿಗೆ ನಿಲ್ಲಿಸುವುದೂ ಕಲ್ಲನ್ನೇ. ನಿಂದೆಯೂ ಸ್ತುತಿಯೂ ಸಲ್ಲತಕ್ಕದ್ದು ಕೈಗೇ ಹೊರತು ಕಲ್ಲಿಗಲ್ಲ.