ತೊಟ್ಟವನಿಲ್ಲದ ತೊಡಿಗೆ

ಕಳೆದ ವರ್ಷ ಬೆಂಗಳೂರಿಗೆ ಹೋಗಿದ್ದಾಗ ಹಳೆಯ ಸಹಪಾಠಿಯೊಬ್ಬರ ಮನೆಯಲ್ಲಿ ಎರಡು ದಿನ ಇಳಿದುಕೊಂಡಿದ್ದೆನು. ಏಳು ವರ್ಷದ ಮೊಮ್ಮಗಳು ಜೊತೆಗಿದ್ದಳು. ಮಿತ್ರರು ಉದ್ಯೋಗದಿಂದ ನಿವೃತ್ತರಾದ ಮೇಲೆ ಒಂದು ವಿಚಿತ್ರವಾದ ಹವ್ಯಾಸಕ್ಕೆ ಮನಸೋತಿದ್ದಾರೆ. ಹಳೆಯ ಯುದ್ಧವಿಮಾನಗಳ ಚಾಲಕರು ತೊಡುತ್ತಿದ್ದ ಅಂಗಿ, ಶಿರಸ್ತ್ರಾಣ, ಮುಖವಾಡ, ಕೈಗವಸು, ಬೂಟುಗಳನ್ನು ದೇಶವಿದೇಶಗಳಿಂದ ಕ್ರಯಕ್ಕೆ ತರಿಸಿ, ಆಳೆತ್ತರದ ಬೊಂಬೆಗಳಿಗೆ ತೊಡಿಸಿ, ಮಹಡಿಯ ಮೇಲಿನ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ನಾವು ಒಳಗೆ ಕಾಲಿಟ್ಟೊಡನೆಯೇ ಹುಡುಗಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, “ತಾತಾ, ಇವರು ಯಾರು?” ಎಂದಳು. ಮಿತ್ರರು ನಕ್ಕು, ಮೊದಲನೆಯ ಬೊಂಬೆಯ ಉಡುಪಿನ ಮಾದರಿಯನ್ನೂ ಅದು ಸೇನೆಗೆ ಬಂದ ವರ್ಷವನ್ನೂ ಹೇಳಿದರು. ಎರಡನೆಯದಕ್ಕೂ ಹಾಗೆಯೇ. ಮಗು ಸ್ವಲ್ಪ ಹೊತ್ತು ಕೇಳಿ, ಮತ್ತೆ, “ಅದಲ್ಲ, ಇವರು ಯಾರು?” ಎಂದಳು.

ಈ ಪ್ರಶ್ನೆ ಊರಿಗೆ ಹಿಂತಿರುಗಿದ ಮೇಲೂ ನನ್ನನ್ನು ಬಿಡಲಿಲ್ಲ. ಅದನ್ನು ವಾಚಕರ ಮುಂದಿಡುವ ಮೊದಲು ಆ ಸಾಮಗ್ರಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಇಲ್ಲದಿದ್ದರೆ ಮಿತ್ರರಿಗೆ ಅನ್ಯಾಯವಾದೀತು. ವೈಮಾನಿಕನ ಉಡುಪು ಅಲಂಕಾರಕ್ಕೆ ಹುಟ್ಟಿದ್ದಲ್ಲ. ನೆಲದಿಂದ ಮೇಲೇರಿದಂತೆಲ್ಲ ಗಾಳಿ ತೆಳ್ಳಗಾಗಿ, ಚಳಿ ಹೆಚ್ಚುತ್ತದೆ. ಮೂವತ್ತು ಸಾವಿರ ಅಡಿಗಳ ಎತ್ತರದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ನಲವತ್ತು ಡಿಗ್ರಿಗೂ ಮಿಕ್ಕಿದ ಶೈತ್ಯವಿರುತ್ತದೆ. ಪ್ರಾಣವಾಯುವಿನ ಕೊಳವೆಯಿಲ್ಲದೆ ಅಲ್ಲಿ ಮನುಷ್ಯನಿಗೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ಪ್ಯಾರಾಚೂಟುಗಳನ್ನು ತಯಾರಿಸುತ್ತಿದ್ದ ಇರ್ವಿನ್ ಎಂಬವರು 1930ರ ದಶಕದಲ್ಲಿ ರೂಪಿಸಿದ ಕುರಿದೊಗಲಿನ ದಪ್ಪ ಅಂಗಿ ಈ ಚಳಿಗೆ ಉತ್ತರವಾಗಿ ಬಂದುದು. ವಿಮಾನಗಳ ವೇಗ ಹೆಚ್ಚಿದಂತೆ ಇನ್ನೊಂದು ಕಷ್ಟ ತಲೆದೋರಿತು. ಹಠಾತ್ತನೆ ತಿರುಗಿದಾಗ ಶರೀರದ ಭಾರ ನಾಲ್ಕು ಐದು ಮಡಿಯಾಗಿ, ನೆತ್ತರು ತಲೆಯಿಂದ ಕಾಲಿಗೆ ಇಳಿದು, ಕಣ್ಣು ಕತ್ತಲೆಗಟ್ಟುತ್ತದೆ. ಕೆನಡಾ ದೇಶದ ಡಾಕ್ಟರ್ ಫ್ರಾಂಕ್ಸ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದಕ್ಕಾಗಿ ನೀರು ತುಂಬಿದ ಉಡುಪೊಂದನ್ನು ಮಾಡಿದರು. ಮುಂದೆ ನೀರಿನ ಬದಲು ಗಾಳಿಯ ಚೀಲಗಳು ಬಂದವು. ತಿರುವಿನಲ್ಲಿ ಅವು ತಾವೇ ಉಬ್ಬಿ, ಹೊಟ್ಟೆ ತೊಡೆ ಮೀನಖಂಡಗಳನ್ನು ಅದುಮಿ, ನೆತ್ತರನ್ನು ತಡೆದು ನಿಲ್ಲಿಸುತ್ತವೆ. ಒಂದೊಂದು ಹೊಲಿಗೆಯ ಹಿಂದೆಯೂ ಹೀಗೆ ಯಾರೋ ಸತ್ತ ಕಥೆಯೋ ಯಾರೋ ಬದುಕಿದ ಕಥೆಯೋ ಇದೆ.

ಬೊಂಬೆಗೆ ತೊಡಿಸುವುದೂ ಬರಿಯ ಆಡಂಬರವಲ್ಲವೆಂದು ಮಿತ್ರರು ತಿಳಿಯಪಡಿಸಿದರು. ಭಾರವಾದ ತೊಗಲಿನ ಅಂಗಿಯನ್ನು ಗೂಟಕ್ಕೆ ತೂಗುಹಾಕಿದರೆ ತನ್ನ ತೂಕದಿಂದಲೇ ಹೆಗಲಿನಲ್ಲಿ ಹರಿಯುತ್ತದೆ. ಮಡಿಸಿಟ್ಟರೆ ಮಡಿಕೆಯಲ್ಲಿ ಬಿರಿಯುತ್ತದೆ. ಒಳಗೊಂದು ಮೈ ಇದ್ದರೆ ಮಾತ್ರ ಅದಕ್ಕೆ ನೆಮ್ಮದಿ. ರಬ್ಬರಿನ ಮುಖವಾಡ ಬೆಳಕಿಗೆ ಗಡುಸಾಗುತ್ತದೆ, ಉಣ್ಣೆಗೆ ನುಸಿ ಹಿಡಿಯುತ್ತದೆ. ಹಳೆಯ ಗಡಿಯಾರಗಳ ಮುಳ್ಳುಗಳಿಗೆ ಕತ್ತಲಲ್ಲಿ ಕಾಣಲೆಂದು ರೇಡಿಯಂ ಬೆರೆತ ಬಣ್ಣವನ್ನು ಬಳಿಯುತ್ತಿದ್ದರು. ಆ ಬಣ್ಣದ ಹೊಳಪು ಎಂದೋ ಆರಿದೆ. ಅದರ ವಿಷವಾದರೋ ಅರ್ಧ ಸವೆಯುವುದಕ್ಕೇ 1600 ವರ್ಷ ಬೇಕು. ಅಂಥದೊಂದನ್ನು ಮಿತ್ರರು ಮಕ್ಕಳ ಕೈಗೆ ಎಟುಕದಂತೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ.

ಇಂಥ ಸಂಗ್ರಹವನ್ನು ಕಂಡವರು ಎತ್ತುವ ಮೊದಲನೆಯ ಆಕ್ಷೇಪ, ಇದು ಯುದ್ಧದ ವೈಭವೀಕರಣವಲ್ಲವೆ, ಎಂಬುದು. ನನಗೆ ಅದು ಅಷ್ಟು ಆಳದ ಆಕ್ಷೇಪವೆಂದು ತೋರುವುದಿಲ್ಲ. ಆಯುಧಪೂಜೆಯ ದಿನ ಕತ್ತಿಗೆ ಕುಂಕುಮವಿಡುವ ನಾವು, ಹಂಪೆಯ ಆನೆಸಾಲನ್ನು ನೋಡಿ ಹಿಗ್ಗುವ ನಾವು, ಒಂದು ಕೈಗವಸಿನ ಮುಂದೆ ಮಾತ್ರ ಅಹಿಂಸಾವಾದಿಗಳಾಗುವುದು ನಗೆಪಾಟಲು. ಬೆಂಗಳೂರು 1940ರಿಂದಲೂ ವಿಮಾನದ ಕಾರ್ಖಾನೆಯುಳ್ಳ ಊರು. ಆ ಕಾರ್ಖಾನೆಯವರೇ 2001ರಲ್ಲಿ ಒಂದು ಸಂಗ್ರಹಾಲಯವನ್ನು ತೆರೆದು, ಹಳೆಯ ವಿಮಾನಗಳನ್ನು ಮರಗಳ ನೆರಳಿನಲ್ಲಿ ನಿಲ್ಲಿಸಿದ್ದಾರೆ. ಮಕ್ಕಳು ಅವುಗಳ ಸುತ್ತ ಓಡಾಡುತ್ತವೆ. ಅದರಿಂದ ಯಾರೂ ಕೆಟ್ಟಂತಿಲ್ಲ. ಆದರೆ ವಿಮಾನ ಬೇರೆ, ಉಡುಪು ಬೇರೆ. ವಿಮಾನವು ಯಂತ್ರ, ಉಡುಪು ಒಬ್ಬನ ಮೈಯ ಅಚ್ಚು. ಮೊಣಕೈಯ ಬಳಿ ಸವೆದಿರುವುದು ಅವನು ಕೈ ಮಡಿಸಿದ್ದರಿಂದ. ಕೊರಳಪಟ್ಟಿಯಲ್ಲಿ ಕಪ್ಪಾಗಿರುವುದು ಅವನ ಬೆವರಿನಿಂದ.

ನಮ್ಮ ಮರಿಯಮ್ಮನಹಳ್ಳಿ ನಾಟಕದವರ ಊರು. ತುಂಗಭದ್ರೆಯ ಅಣೆಕಟ್ಟಿನಿಂದ ನಾರಾಯಣದೇವರಕೆರೆ ನೀರಿನಲ್ಲಿ ಮುಳುಗಿ, ಅಲ್ಲಿಯ ಜನ ಇಲ್ಲಿ ಬಂದು ನೆಲಸಿದ ಕಾಲವನ್ನು ನೆನೆಯುವ ಮನೆಗಳು ಇಲ್ಲಿ ಇನ್ನೂ ಇವೆ. ಸಾಮಾನು ಉಳಿದು ಮನೆ ಮುಳುಗುವುದೆಂದರೇನೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೀನರಿಯವರ ಟ್ರಂಕಿನಲ್ಲಿ ದುರ್ಯೋಧನನ ಕಿರೀಟ, ಭುಜಕೀರ್ತಿ, ಜರಿಯ ನಿಲುವಂಗಿ ಇರುತ್ತವೆ. ಒಂದೇ ನಿಲುವಂಗಿಯನ್ನು ಹತ್ತು ಊರುಗಳ ಹತ್ತು ಜನ ತೊಟ್ಟಿರುತ್ತಾರೆ. ಅದು ಯಾರದೂ ಅಲ್ಲ, ಪಾತ್ರದ್ದು. ತೊಡುವವನಿಗಾಗಿ ಕಾದುಕೊಂಡಿರುವುದೇ ಅದರ ಬಾಳು. ಹೊಲದಲ್ಲಿ ರೈತನು ತನ್ನದೇ ಹರಕು ಅಂಗಿಯನ್ನು ಬೆದರುಗೊಂಬೆಗೆ ತೊಡಿಸುತ್ತಾನೆ. ಹಕ್ಕಿಗಳು ಅದನ್ನು ಅವನೆಂದೇ ತಿಳಿಯಲಿ ಎಂಬುದು ಅಲ್ಲಿಯ ಉದ್ದೇಶ. ಮಿತ್ರರ ಕೋಣೆಯ ಬೊಂಬೆಗಳು ಇವೆರಡು ಜಾತಿಗೂ ಸೇರಿದವಲ್ಲ. ಆ ಉಡುಪನ್ನು ಇನ್ನು ಯಾರೂ ತೊಡುವಂತಿಲ್ಲ. ತೊಟ್ಟವನಾದರೋ ಪಾತ್ರವಲ್ಲ, ತಾಯಿಯಿಟ್ಟ ಹೆಸರುಳ್ಳ ಮನುಷ್ಯ.

ಹೆಸರಿನ ವಿಷಯದಲ್ಲಿ ನಮ್ಮ ಪೂರ್ವಿಕರು ಎಷ್ಟು ಎಚ್ಚರವುಳ್ಳವರಾಗಿದ್ದರೆಂಬುದಕ್ಕೆ ವೀರಗಲ್ಲುಗಳೇ ಸಾಕ್ಷಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳೆಗ, ನಡುವೆ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಕುಳ್ಳಿರಿಸಿಕೊಂಡು ಮೇಲಕ್ಕೆ ಒಯ್ಯುವುದು, ಮೇಲೆ ಶಿವಸನ್ನಿಧಿ. ಬರಹವುಳ್ಳ ಕಲ್ಲುಗಳಲ್ಲಿ ಅವನು ಯಾರು, ಯಾವ ಊರಿನ ತುರುವನ್ನು ಬಿಡಿಸಲು ಹೋಗಿ ಬಿದ್ದನೆಂಬುದನ್ನೂ ಕೊರೆಯುತ್ತಿದ್ದರು. ಬೆಂಗಳೂರೆಂಬ ಹೆಸರು ಬರುವ ಅತ್ಯಂತ ಹಳೆಯ ಶಾಸನವೆಂದು ವಿದ್ವಾಂಸರು ಹೇಳುವುದು, ಬೇಗೂರಿನಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲನ್ನು. ಅಲ್ಲಿಯ ಕಾಳೆಗದಲ್ಲಿ ಸತ್ತವನ ಹೆಸರನ್ನು ಬರೆಯುವ ಸಲುವಾಗಿ ಊರಿನ ಹೆಸರು ಬಂದಿದೆ. ಊರನ್ನು ಹೊಗಳಲು ಬಂದದ್ದಲ್ಲ. ಆ ಕಲ್ಲುಕುಟಿಗನು ವೀರನ ಉಡುಪಿನ ಒಂದು ನೂಲನ್ನೂ ನಮಗೆ ಉಳಿಸಿಲ್ಲ. ನಮಗೆ ಅದರ ಕೊರತೆಯೂ ಕಾಣುವುದಿಲ್ಲ.

ಇದೇ ಮಾತಿಗೆ ನಮ್ಮ ಕಾಲಕ್ಕೆ ಹತ್ತಿರವಾದ ನಿದರ್ಶನ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರದು. 1965ರ ಸೆಪ್ಟೆಂಬರ್ 7ರಂದು ಸರ್ಗೋಧದ ವಿಮಾನನೆಲೆಯ ಮೇಲೆ ನಡೆದ ದಾಳಿಗೆ ಅವರು ಮೊದಲ ಸಾಲಿನಲ್ಲಿ ನೇಮಕವಾದವರಲ್ಲ. ಬೇರೊಬ್ಬರ ವಿಮಾನ ಹಿಂದುಳಿದರೆ ಇರಲೆಂದು ಸಿದ್ಧರಾಗಿದ್ದವರು. ಹಿಂತಿರುಗುವಾಗ ಅವರ ಮಿಸ್ಟೇರ್ ವಿಮಾನವನ್ನು ಅದಕ್ಕಿಂತ ಎಷ್ಟೋ ವೇಗಶಾಲಿಯಾದ ಸ್ಟಾರ್‌ಫೈಟರ್ ಒಂದು ಬೆನ್ನಟ್ಟಿತು. ಪೆಟ್ಟುತಿಂದ ವಿಮಾನದಲ್ಲೇ ಅವರು ಎದುರುಬಿದ್ದು ಅದನ್ನು ಉರುಳಿಸಿದರು. ಶತ್ರುವು ಪ್ಯಾರಾಚೂಟಿನಿಂದ ಧುಮುಕಿ ಬದುಕಿದನು, ದೇವಯ್ಯನವರು ಮರಳಲಿಲ್ಲ. ಸಂಗಡಿಗರಾರೂ ಅದನ್ನು ಕಂಡಿರಲಿಲ್ಲ. ಎದುರು ಪಕ್ಷದ ಕಡೆಯಿಂದ ವಿಷಯವನ್ನು ಸಂಗ್ರಹಿಸಿದ ಆಂಗ್ಲ ಲೇಖಕ ಜಾನ್ ಫ್ರಿಕರ್ ಎಂಬವರ ಪುಸ್ತಕ 1979ರಲ್ಲಿ ಹೊರಬಂದ ಮೇಲೆ ನಡೆದುದು ತಿಳಿಯುತ್ತ ಬಂದಿತು. 1988ರಲ್ಲಿ ಮಹಾವೀರ ಚಕ್ರ ಬಂದಿತು. ಅವರ ಮಣ್ಣು ಆ ದೇಶದಲ್ಲಿಯೇ ಆಯಿತು. ತೊಟ್ಟ ಉಡುಪು ಯಾವ ಬೊಂಬೆಯ ಮೇಲೂ ಏರಲಿಲ್ಲ. ಇಪ್ಪತ್ತಮೂರು ವರ್ಷ ತಡವಾಗಿಯಾದರೂ ಹಿಂದಿರುಗಿದುದು ಹೆಸರು ಮಾತ್ರ; ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆಗೆ ಆಧಾರವೂ ಅದೇ.

ಹಾಗಾದರೆ ಮಿತ್ರರು ತಪ್ಪುಗಾರರೋ? ಹಾಗೆಂದು ಹೇಳಲಾರೆ. ಅವರು ಕೊಳ್ಳದಿದ್ದರೆ ಆ ಅಂಗಿಗಳು ಎಂದೋ ಚಿಂದಿಯಾಗುತ್ತಿದ್ದವು. ಅವುಗಳಲ್ಲಿ ಎಷ್ಟೋ ಉಗ್ರಾಣದಿಂದ ಹೊರಬಿದ್ದ ಹೊಸವು; ಯಾರ ಮೈಯನ್ನೂ ಕಂಡಿಲ್ಲ. ತೊಡಲ್ಪಟ್ಟವುಗಳಲ್ಲಿಯೂ ಬಹುಪಾಲು ಸುಖವಾಗಿ ಮನೆಗೆ ಬಂದು, ಮುದುಕರಾಗಿ, ಹಾಸಿಗೆಯಲ್ಲಿ ಕಣ್ಣು ಮುಚ್ಚಿದವರವು ಇರಬಹುದು. ಎಲ್ಲದಕ್ಕೂ ಕಣ್ಣೀರು ಸುರಿಸುವುದು ಕೃತಕವಾದೀತು. ಆದರೆ ಈ ವ್ಯಾಪಾರದಲ್ಲಿ ಒಂದು ಸಂಗತಿಯುಂಟು. ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಹೊಸ ಅಂಗಿಗಿಂತ ತೊಟ್ಟ ಅಂಗಿಗೆ, ತೊಟ್ಟದ್ದಕ್ಕಿಂತ ಕಾಳೆಗ ಕಂಡದ್ದಕ್ಕೆ ಬೆಲೆ ಹೆಚ್ಚು. ತೇಪೆಗೂ ಸುಟ್ಟ ಗುರುತಿಗೂ ಕ್ರಯವುಂಟು. ಅಂದರೆ ಕೊಳ್ಳುವವನು ಹಣ ತೆರುವುದು ತೊಗಲಿಗಲ್ಲ, ಮತ್ತೊಬ್ಬನ ಅಪಾಯಕ್ಕೆ. ಅಪಾಯಕ್ಕೆ ಬೆಲೆ ಕಟ್ಟಿ, ಅಪಾಯಪಟ್ಟವನು ಯಾರೆಂದು ಕೇಳದೆ ಇರುವುದು ಸರಿಯೆ? ನನಗೆ ದೋಷ ಕಾಣುವುದು ಇಲ್ಲಿ, ಬೊಂಬೆಯಲ್ಲಿ ಅಲ್ಲ.

ಇದನ್ನು ಮಿತ್ರರಿಗೆ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ಮೂರನೆಯ ಬೊಂಬೆಯ ಕೊರಳಪಟ್ಟಿಯನ್ನು ಹೊರಳಿಸಿ ತೋರಿಸಿದರು. ಒಳಗೆ ಬಟ್ಟೆಯ ಚೀಟಿಯೊಂದನ್ನು ಹೊಲಿದಿತ್ತು. ಅದರ ಮೇಲೆ ಮಸಿಯಲ್ಲಿ ಬರೆದ ಒಂದು ಹೆಸರು, ಅರ್ಧ ಅಳಿಸಿಹೋಗಿತ್ತು. ಮಾರಿದವನು ಇದನ್ನು ಬಿಚ್ಚಿಬಿಡಿರೆಂದು ಸಲಹೆ ಕೊಟ್ಟಿದ್ದನಂತೆ. ಇವರು ಬಿಚ್ಚಿರಲಿಲ್ಲ, ಓದುವ ಪ್ರಯತ್ನವನ್ನೂ ಮಾಡಿರಲಿಲ್ಲ. “ಓದಿದರೆ ಮನೆಯವರನ್ನು ಹುಡುಕಬೇಕಾಗುತ್ತದೆ, ಹುಡುಕಿದರೆ ಕೊಡಬೇಕಾಗುತ್ತದೆ. ಕೊಡುವುದಕ್ಕೆ ನನಗೆ ಮನಸ್ಸಿಲ್ಲ,” ಎಂದರು. ಅಷ್ಟು ನಿಷ್ಕಪಟವಾದ ಮಾತನ್ನು ನಾನು ಇತ್ತೀಚೆಗೆ ಕೇಳಿರಲಿಲ್ಲ.

ಕೊಡಲೇಬೇಕೆಂಬುದು ನನ್ನ ಮತವಲ್ಲ. ಮನೆಯವರಿಗೆ ಅದು ಬೇಡವಾಗಿಯೂ ಇರಬಹುದು. ನಮ್ಮ ಸೋದರತ್ತೆ, ಮಾವನವರು ತೀರಿಕೊಂಡು ಹದಿಮೂರು ದಿನಗಳು ಕಳೆಯುತ್ತಲೇ ಅವರ ಪಂಚೆ, ಕೋಟು, ಹೊದಿಕೆಗಳನ್ನೆಲ್ಲ ದಾನಮಾಡಿಸಿದಳು. ಅವುಗಳನ್ನು ಕಣ್ಣೆತ್ತಿ ನೋಡಲಾರೆನೆಂದಳು. ರುಮಾಲನ್ನು ಮಾತ್ರ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡಳು. ಅದನ್ನು ಯಾರಿಗೂ ತೋರಿಸಲಿಲ್ಲ. ಇಡುವುದೋ ಕೊಡುವುದೋ ಎಂಬ ತೀರ್ಮಾನ ಅವಳದಾಗಿತ್ತು. ಬೇರೆಯವರು ಮಾಡಿದ್ದರೆ ಎರಡೂ ಕ್ರೌರ್ಯವಾಗುತ್ತಿತ್ತು. ಆ ಕೊರಳಪಟ್ಟಿಯ ಹೆಸರಿನವನಿಗೂ ಇಂಥ ಒಬ್ಬ ಅತ್ತೆ, ಮಗಳು ಅಥವಾ ಮೊಮ್ಮಗನು ಎಲ್ಲಿಯೋ ಇರಬಹುದು. ಹಣ ಕೊಟ್ಟವನಿಗೆ ಅಂಗಿಯ ಮೇಲೆ ಹಕ್ಕಿದೆ, ಸಂದೇಹವಿಲ್ಲ. ಈ ತೀರ್ಮಾನದ ಮೇಲೆ ಹಕ್ಕಿದೆಯೆ ಎಂಬುದು ನನಗೆ ಸಂದೇಹ.

ಕಳೆದ ತಿಂಗಳು ಮಿತ್ರರ ಕಾಗದ ಬಂದಿತು. ಭೂತಗನ್ನಡಿ ಹಿಡಿದು ಚೀಟಿಯನ್ನು ಓದಿದ್ದಾರೆ. ಹೆಸರಿನ ಮೊದಲ ನಾಲ್ಕು ಅಕ್ಷರಗಳೂ ಸಂಖ್ಯೆಯ ಕೊನೆಯ ಮೂರು ಅಂಕಗಳೂ ದೊರೆತಿವೆಯಂತೆ. ಎರಡು ಕಡೆಗೆ ಬರೆದು ಕೇಳಿದ್ದಾರೆ; ಉತ್ತರ ಬಂದಿಲ್ಲ. ಬೊಂಬೆಯ ಪಾದದ ಬಳಿ ಉಡುಪಿನ ಮಾದರಿಯನ್ನು ಬರೆದಿದ್ದ ಹಲಗೆಯನ್ನು ತೆಗೆದು, ಆ ನಾಲ್ಕು ಅಕ್ಷರಗಳನ್ನು ಮಾತ್ರ ಬರೆದು, ಮಿಕ್ಕ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಕಾಗದದ ಕೆಳಗೆ, “ನಿನ್ನ ಮೊಮ್ಮಗಳಿಗೆ ತಿಳಿಸು,” ಎಂದಿತ್ತು. ಓದಿ ಹೇಳಿದೆನು. “ಪೂರ್ತಿ ಹೆಸರು ಸಿಕ್ಕ ಮೇಲೆ ಹೇಳು ತಾತಾ,” ಎಂದು ಅವಳು ಆಟಕ್ಕೆ ಓಡಿದಳು.