ಸೊನ್ನೆಯ ಜಾಗದಲ್ಲಿ ಸೊನ್ನೆ

ಹಳೇ ಹುಬ್ಬಳ್ಳಿಯಲ್ಲಿ, ಸಿದ್ಧಾರೂಢ ಮಠದ ಕಡೆ ಹೋಗುವ ದಾರಿಯ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಕೆಲವು ವರ್ಷ ದುಡಿದೆ. ನುಡಿ, ಬರಹಗಳ ಹಳೆಯ ಫೈಲುಗಳು ಬರುತ್ತಿದ್ದವು. ಅವುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಲಿಪಿಗೆಂದು ಮೀಸಲಾದ ಸಂಖ್ಯೆಗಳ ಮೇಲೆ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಪುಟ ಅರ್ಥವಿಲ್ಲದ ಗೀಟುಗಳ ರಾಶಿ. ಯೂನಿಕೋಡ್ ಫೈಲಿನದು ಬೇರೆ ಕಾಟ. ಒತ್ತು ಜೋಡಿಸಲು ಬಾರದ ಹಳೆಯ ಸಾಫ್ಟ್‌ವೇರಿನಲ್ಲಿ 'ಸಿದ್ಧಾರೂಢ' ಎಂಬುದು 'ಸಿದ್‌ಧಾರೂಢ' ಎಂದು ಒಡೆಯುತ್ತಿತ್ತು. ಆ ಓಣಿಯಲ್ಲಿ ಅಂಥ ತಪ್ಪು ಯಾರ ಕಣ್ಣಿಗೂ ಬೀಳದೆ ಹೋಗುವುದಿಲ್ಲ.

ಒಂದು ಸಂಜೆ ಒಬ್ಬರು ತಾಯಿಯ ತಿಥಿ ಕಾರ್ಡಿಗಾಗಿ ಬಂದರು. ಹೆಸರು ಗಂಗವ್ವ ಎಂದಿಟ್ಟುಕೊಳ್ಳಿ. ಪರದೆಯ ಮೇಲೆ 'ಗ'ದ ಪಕ್ಕದ ಸೊನ್ನೆ ಬೇರೆಯಾಗಿ, ಒಂದು ಚುಕ್ಕೆವೃತ್ತಕ್ಕೆ ಅಂಟಿಕೊಂಡು ನಿಂತಿತ್ತು. ಏನು ಮಾಡಿದರೂ ಸರಿಹೋಗಲಿಲ್ಲ. "ಮುಂಜಾನೆ ಹಂಚಬೇಕ್ರೀ ಸರ, ಲಗೂನ ಮಾಡಿಕೊಡ್ರಿ" ಎಂದರು. ನಾನು ಅನುಸ್ವಾರ ಅಳಿಸಿ, ಅಲ್ಲಿ ಅಂಕಿಯ ಸೊನ್ನೆ ಒತ್ತಿದೆ. ಹೆಸರು ಮುದ್ದಾಗಿ ಕೂತಿತು. ಅವರು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಹೋದರು.

ಮರುವರ್ಷ ಪುಣ್ಯಸ್ಮರಣೆಗೆ ಅದೇ ಕಾರ್ಡು ಬೇಕೆಂದು ಬಂದರು. ಹೆಸರು ಹಾಕಿ ಹುಡುಕಿದೆ. ಇಲ್ಲ. ಮತ್ತೆ ಹುಡುಕಿದೆ. ಇಲ್ಲ. "ಅಲ್ರೀ ಸರ, ನಮ್ಮವ್ವನ ಹೆಸರ ಇದರಾಗ ಇಲ್ಲೇನ್ರಿ?"

ಶಾಲೆಯಲ್ಲಿ ನಾವು ಅನುಸ್ವಾರಕ್ಕೂ ಸೊನ್ನೆ ಎಂದೆವು, ಅಂಕಿಗೂ ಸೊನ್ನೆ ಎಂದೆವು. ಯೂನಿಕೋಡ್ ಹಾಗೆನ್ನುವುದಿಲ್ಲ. ಅನುಸ್ವಾರದ ಸಂಖ್ಯೆ 3202, ಅಂಕಿ ಸೊನ್ನೆಯದು 3302. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ನೂರು ಮನೆ ದೂರ. ನಾನು ಆ ತಾಯಿಯ ಹೆಸರಿನ ನಡುವೆ ಒಂದು ಅಂಕಿ ಇಟ್ಟಿದ್ದೆ.

ಅದು ತಪ್ಪೇ? ತಿಥಿಗೆ ಬಂದವರೆಲ್ಲ ಆ ಹೆಸರನ್ನು ಸರಿಯಾಗಿಯೇ ಓದಿದರು. ಕಾರ್ಡು ಇರುವುದು ಮನುಷ್ಯರ ಕಣ್ಣಿಗೆ ತಾನೆ? ಈ ಸಮಾಧಾನ ನನಗೆ ಬಹಳ ದಿನ ಸಾಕಾಗಿತ್ತು. ಆದರೆ ಬರವಣಿಗೆ ಇಂದು ಎದುರಿಗೆ ನಿಂತವರಿಗಷ್ಟೇ ಅಲ್ಲ, ನಾಳೆ ಹುಡುಕಿಕೊಂಡು ಬರುವವರಿಗೂ ಸೇರಿದ್ದು. ಇಂದಿನವರನ್ನು ಮೆಚ್ಚಿಸಲು ನಾನು ನಾಳೆಯವರ ಪಾಲನ್ನು ಕದ್ದಿದ್ದೆ, ಅದೂ ಅವರಿಗೆ ಗೊತ್ತಾಗದ ಹಾಗೆ. ಒಡೆದ ಒತ್ತಕ್ಷರ ತನ್ನ ಗಾಯವನ್ನು ತಾನೇ ತೋರಿಸುತ್ತದೆ, ಯಾರಾದರೂ ಒಬ್ಬರು ಸರಿಮಾಡುತ್ತಾರೆ. ಚೆನ್ನಾಗಿ ಕಾಣುವ ತಪ್ಪನ್ನು ಸರಿಮಾಡಲು ಯಾರು ಬರುತ್ತಾರೆ?

ದೋಷ ಇದ್ದದ್ದು ಅಕ್ಷರದಲ್ಲಲ್ಲ, ತೋರಿಸುವುದರಲ್ಲಿ. 'ಗ' ಒಂದು ಫಾಂಟಿನಲ್ಲಿ, ಅನುಸ್ವಾರ ಇನ್ನೊಂದರಲ್ಲಿ ಇದ್ದವು. ಇಡೀ ಹೆಸರನ್ನು ಆಯ್ದು ಒಂದೇ ಫಾಂಟಿಗೆ ತಂದಿದ್ದರೆ ಮುಗಿಯುತ್ತಿತ್ತು. ಅದು ನನಗೆ ತಿಳಿದದ್ದು ಆಮೇಲೆ. ತಿಳಿಯದೆ ಇದ್ದದ್ದು ತಪ್ಪಲ್ಲ; ತಿಳಿಯದ್ದನ್ನು ಮುಚ್ಚಲು ಹೆಸರನ್ನೇ ತಿದ್ದಿದ್ದು ತಪ್ಪು.

ಅಂದು ತಾರೀಖು ನೋಡಿ ನೋಡಿ ಫೈಲು ಹುಡುಕಿದೆ. ಅವರ ಎದುರಿಗೇ ಸೊನ್ನೆ ಅಳಿಸಿ ಸೊನ್ನೆ ಬರೆದೆ. ಪರದೆಯ ಮೇಲೆ ಏನೂ ಬದಲಾಗಲಿಲ್ಲ. "ಏನ್ ಮಾಡಿದ್ರಿ ಸರ?" ಎಂದು ಕೇಳಿದರು. ನಡೆದದ್ದನ್ನು ಹೇಳಿದೆ.